ರಾಷ್ಟ್ರಗೀತೆ ಹಾಡಲು ಒಪ್ಪಿಕೊಂಡಿದ್ದೀರಾ? ಮೊದಲು ಭಾಷೆ ಯಾವುದು ಅಂತ ಕೇಳಿ

ವೇದಿಕೆ ಮೇಲೆ ರಾಷ್ಟ್ರಗೀತೆ ಹಾಡಲು ಒಪ್ಪಿಕೊಂಡವರು ಮೊದಲು ತಲೆ ಕೆಡಿಸಿಕೊಳ್ಳುವುದು ಶ್ರುತಿ ಬಗ್ಗೆ, ಮೈಕ್ ಬಗ್ಗೆ. ಭಾಷೆ ನೆನಪಾಗುವುದು ಹಿಂದಿನ ರಾತ್ರಿ. ಹಾಗಾಗಿ ಒಪ್ಪಿಕೊಂಡ ದಿನವೇ ಆಯೋಜಕರನ್ನು ಕೇಳಿಬಿಡಿ: ಯಾವ ಭಾಷೆ, ಎಷ್ಟು ಚರಣ, ಎರಡು ಭಾಷೆ ಇದ್ದರೆ ಯಾವುದು ಮೊದಲು?

ಒಂದೊಂದು ದೇಶದ್ದು ಒಂದೊಂದು ರೀತಿ. ಸಿಂಗಾಪುರಕ್ಕೆ ನಾಲ್ಕು ಅಧಿಕೃತ ಭಾಷೆಗಳಿದ್ದರೂ ಹಾಡಬೇಕಾದ್ದು ಮಲಯದಲ್ಲೇ, ಅನುವಾದ ಹಾಡುವ ಹಾಗಿಲ್ಲ. ಸ್ಪೇನಿನ ಗೀತೆಗೆ ಅಧಿಕೃತ ಪದಗಳೇ ಇಲ್ಲ, ಅಲ್ಲಿ ನೀವಾಗಿ ಪದ ಜೋಡಿಸಲು ಹೋಗಬೇಡಿ. ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ನಡೆಯುತ್ತವೆ, ಎರಡನ್ನೂ ಬೆರೆಸಿ ಹಾಡುವುದೂ ಉಂಟು. ಆದರೆ 2018ರಲ್ಲಿ ಅದರ ಇಂಗ್ಲಿಷ್ ಸಾಲೊಂದು ಬದಲಾಗಿದೆ. ಹಳೇ ವಿಡಿಯೋ ನೋಡಿ ಕಲಿತರೆ ಹಳೇ ಸಾಲೇ ಬಾಯಿಗೆ ಬರುತ್ತದೆ, ಅಲ್ವಾ? ಅದಕ್ಕೇ ಪದಗಳನ್ನು ಸರ್ಕಾರದ ಜಾಲತಾಣದಿಂದಲೇ ತೆಗೆದುಕೊಳ್ಳಿ.

ಭಾಷೆಯ ಆಯ್ಕೆ ಜನರ ಮನಸ್ಸಿಗೆ ಎಷ್ಟು ತಾಗುತ್ತದೆ ಅಂತ ನ್ಯೂಜಿಲೆಂಡನ್ನು ನೋಡಿದರೆ ಗೊತ್ತಾಗುತ್ತದೆ. 1999ರ ರಗ್ಬಿ ವಿಶ್ವಕಪ್‌ನಲ್ಲಿ, ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ, ಗಾಯಕಿ ಹಿನೆವೆಹಿ ಮೋಹಿ ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಮಾವೊರಿಯಲ್ಲಿ ಮಾತ್ರ ನ್ಯೂಜಿಲೆಂಡಿನ ಗೀತೆ ಹಾಡಿದರು, ಇಂಗ್ಲಿಷ್ ಬಿಟ್ಟರು. ನ್ಯೂಜಿಲೆಂಡಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಈಗ ಅಲ್ಲಿ ಮೊದಲು ಮಾವೊರಿ, ಆಮೇಲೆ ಇಂಗ್ಲಿಷ್ ಹಾಡುವುದು ರೂಢಿ. ನನಗಂತೂ ಇದು ತುಂಬಾ ಇಷ್ಟವಾದ ಬದಲಾವಣೆ.

ಇನ್ನು ಉಚ್ಚಾರಣೆ. ಜಾಸ್ತಿ ಸಮಯ ಇದಕ್ಕೇ ಕೊಡಿ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಹಾಡಬೇಡಿ. ಆ ಭಾಷೆ ಮಾತಾಡುವವರು ಹಾಡಿದ್ದನ್ನು ನಿಧಾನಕ್ಕೆ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ನ್ಯೂಜಿಲೆಂಡ್ ಗೀತೆಯ ಮಾವೊರಿ ಪಾಠದ ಮೂರನೇ ಸಾಲಿನಲ್ಲಿ 'ಫಕರಙೊನ' ಅನ್ನುವ ಪದ ಬರುತ್ತದೆ. ಅಲ್ಲಿನ 'ಫ' ನಾವು 'ಫೋನ್' ಅನ್ನುವಾಗ ಬರುವ ಸದ್ದು. 'ಙೊ' ಅಂದರೆ ನಾವು ಅಕ್ಷರಮಾಲೆಯಲ್ಲಿ ಮಾತ್ರ ಓದಿ ಬಿಟ್ಟ ಅದೇ 'ಙ', ಜೊತೆಗೆ 'ಗ' ಸೇರಿಸಬಾರದು. ದಕ್ಷಿಣ ಆಫ್ರಿಕಾದ ಗೀತೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಖೋಸಾ ಭಾಷೆಯ ಸಾಲಿನಲ್ಲಿ ಪಿ ಮತ್ತು ಎಚ್ ಒಟ್ಟಿಗೆ ಬಂದರೆ ಅದು 'ಫಲ' ಅನ್ನುವಾಗಿನ ಮಹಾಪ್ರಾಣ, ತುಟಿ ಮುಚ್ಚಿ ತೆರೆಯುವಾಗ ಉಸಿರು ಬಿಡಬೇಕು.

ಅದೇ ಗೀತೆಯಲ್ಲಿ ಖೋಸಾ, ಜುಲು, ಸೆಸೋಥೊ, ಆಫ್ರಿಕಾನ್ಸ್, ಇಂಗ್ಲಿಷ್ ಅಂತ ಐದು ಭಾಷೆಗಳಿವೆ. ಎರಡು ಹಾಡುಗಳನ್ನು ಸೇರಿಸಿ 1997ರಲ್ಲಿ ಈ ರೂಪ ಕೊಟ್ಟರು. ಆಫ್ರಿಕಾನ್ಸ್ ಶುರುವಾಗುವ ಕಡೆ ರಾಗವೂ ಬದಲಾಗುತ್ತದೆ, ಶ್ರುತಿಯೂ ಬದಲಾಗುತ್ತದೆ, ನಾಲಿಗೆಯೂ ಬದಲಾಗಬೇಕು. ಆ ಒಂದು ತಿರುವನ್ನೇ ಬೇರೆಯಾಗಿ ಇಪ್ಪತ್ತು ಸಲ ಹಾಡಿ.

ಅರ್ಥ ತಿಳಿದುಕೊಳ್ಳಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಅದೇ ಹೇಳಿಕೊಡುತ್ತದೆ, ಪದದ ನಡುವೆ ಕತ್ತರಿಸುವುದು ತಪ್ಪುತ್ತದೆ. ಆಮೇಲೆ ಆ ಭಾಷೆಯವರೊಬ್ಬರ ಮುಂದೆ ಹಾಡಿ ತೋರಿಸಿ. 'ಚೆನ್ನಾಗಿದೆ' ಅಂದರೆ ಸಾಲದು, ಯಾವ ಪದ ಕಿವಿಗೆ ಚುಚ್ಚಿತು ಅಂತ ಕೇಳಿ.

ಆ ದಿನ ದೊಡ್ಡಕ್ಷರದ ಚೀಟಿ ಕೈಯಲ್ಲಿರಲಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಷ್ಟಾಗಿಯೂ ಒಂದು ಪದ ಮರೆತರೆ ಬಾಯಿಗೆ ಬಂದದ್ದು ಸೇರಿಸಬೇಡಿ. ರಾಗವನ್ನಷ್ಟೇ ಗುನುಗಿ. ಎದುರಿಗೆ ನಿಂತವರು ಆ ಸಾಲನ್ನು ಹಾಡುತ್ತಲೇ ಇರುತ್ತಾರೆ, ಮುಂದಿನ ಸಾಲಿಗೆ ಅವರ ಜೊತೆ ಸೇರಿಕೊಳ್ಳಿ.