ಟ್ರ್ಯಾಕ್ಟರ್ ಹತ್ತಿಸುವ ಮುಂಚೆ ನಾನು ಪಿಕಪ್‌ನ ಹಿಂದಿನ ಚಕ್ರ ನೋಡುತ್ತೇನೆ

ನಾನು ಇಂಡಿ ತಾಲೂಕಿನವನು. ಪುಣೆಗೆ ಬಂದು 14 ವರ್ಷವಾಯಿತು, ಮನೆ ಭೋಸರಿಯಲ್ಲಿ. ಒಂದು 24 ಎಚ್‌ಪಿ ಸಣ್ಣ ಟ್ರ್ಯಾಕ್ಟರ್, ಅದರ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡಲು ಒಂದು ರೊಟವೇಟರ್, ಹೊತ್ತೊಯ್ಯಲು ಪಿಕಪ್ ಮತ್ತು ಟ್ರೇಲರ್. ಇಷ್ಟೇ ನನ್ನ ಬಂಡವಾಳ. ನಾರಾಯಣಗಾಂವ್, ಜುನ್ನರ್ ಕಡೆಯ ದ್ರಾಕ್ಷಿ ತೋಟಗಳಿಗೆ, ಸಾಸವಡ ಕಡೆಯ ಅಂಜೂರ, ಸೀತಾಫಲದ ತೋಟಗಳಿಗೆ ಬಾಡಿಗೆಗೆ ಹೋಗುತ್ತೇನೆ. ಆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ, ಹಾಗಾಗಿ ನಮ್ಮಂಥವರಿಗೆ ಕೆಲಸ. ದಿನಕ್ಕೆ ಎರಡು ತೋಟ ಹಿಡಿದರೆ ಟ್ರ್ಯಾಕ್ಟರನ್ನು ಟ್ರೇಲರ್ ಮೇಲೆ ಮೂರು ಸಲ ಹತ್ತಿಸಬೇಕು, ಮೂರು ಸಲ ಇಳಿಸಬೇಕು. ಇಡೀ ದಿನದ ಕೆಲಸದಲ್ಲಿ ನನಗೆ ಭಯ ಇರುವುದು ಆ ಆರು ಸಲವೇ.

ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟಣಿ, ಅಂದರೆ ಬಳ್ಳಿ ಸವರುವ ಟೈಮು. ನಾರಾಯಣಗಾಂವ್ ಹತ್ತಿರ ಒಂದು ತೋಟದ ಕೆಲಸ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮಧ್ಯಾಹ್ನ ಒಂದು ಮಳೆ ಬಿದ್ದಿತ್ತು, ಟೈರಿನ ಹಲ್ಲುಗಳ ಸಂದಿನಲ್ಲೆಲ್ಲ ಮಣ್ಣು. ಆಗ ನನ್ನ ಹತ್ತಿರ ಇದ್ದದ್ದು ಐದು ಅಡಿಯ ಎರಡು ಬಿಡಿ ರ‍್ಯಾಂಪ್. ಅವುಗಳ ತುದಿ ಟ್ರೇಲರ್ ಅಂಚಿನ ಮೇಲೆ ಸುಮ್ನೆ ಕೂತಿರುತ್ತಿತ್ತು, ಪಿನ್ನೂ ಇಲ್ಲ, ಸರಪಳಿಯೂ ಇಲ್ಲ. ಪಿಕಪ್‌ಗೆ ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಎಂದಿನಂತೆ ಮುಂದಕ್ಕೇ ಹತ್ತಿಸಿದೆ.

ಮುಂದಿನ ಚಕ್ರಗಳು ಟ್ರೇಲರ್ ಮೇಲಿದ್ದವು, ಹಿಂದಿನವು ರ‍್ಯಾಂಪಿನ ಅರ್ಧಕ್ಕೆ ಬಂದಿದ್ದವು. ಆಗ ಪಿಕಪ್ ಒಂದು ಗೇಣು ಮುಂದಕ್ಕೆ ಸರಿಯಿತು. ಗೇಣು ಅಷ್ಟೇ. ಎಡಗಡೆ ರ‍್ಯಾಂಪ್ ಜಾರಿ ಕೆಳಗೆ ಬಿತ್ತು, ಅದರ ಜೊತೆ ಹಿಂದಿನ ಎಡ ಚಕ್ರ ದಡ್ ಅಂತ ನೆಲಕ್ಕಿಳಿಯಿತು. ರೊಟವೇಟರ್ ನೆಲಕ್ಕೆ ಊರಿ ನಿಂತಿದ್ದರಿಂದ ಟ್ರ್ಯಾಕ್ಟರ್ ಪಲ್ಟಿ ಆಗಲಿಲ್ಲ. ನಮ್ಮ ಅಣ್ಣನ ಮಗ ಅಲ್ಲಿಯವರೆಗೆ ಅದೇ ಎಡ ರ‍್ಯಾಂಪಿನ ಪಕ್ಕ ಕಾಲು ಕೊಟ್ಟು ನಿಂತಿದ್ದ. ಹಗ್ಗ ತಾ ಎಂದು ಆಗಷ್ಟೇ ಕಳಿಸಿದ್ದೆ. ಆ ಕಬ್ಬಿಣ ಬಿದ್ದದ್ದು ಅವನು ನಿಂತಿದ್ದ ಜಾಗದಲ್ಲೇ. “ಕಾಕಾ, ಏನಾತ್ರೀ?” ಎಂದು ಓಡಿ ಬಂದ. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದ್ದು ನೂರಕ್ಕೆ ನೂರು ನೆನಪಿತ್ತು. ಹಾಗಾದರೆ ಗಾಡಿ ಸರಿದಿದ್ದು ಹೇಗೆ? ಮಾರನೇ ದಿನ ಸಮತಟ್ಟು ಜಾಗದಲ್ಲಿ, ಪಿಕಪ್‌ನ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ರ‍್ಯಾಂಪ್‌ಗಳನ್ನು ಟ್ರೇಲರ್‌ಗೆ ಬಿಗಿದು ಮತ್ತೆ ನಿಧಾನಕ್ಕೆ ಹತ್ತಿಸಿ ನೋಡಿದೆವು. ಹುಡುಗ ದೂರ ಕೂತು ಪಿಕಪ್‌ನ ಹಿಂದಿನ ಟೈರ್ ನೋಡುತ್ತಿದ್ದ. ಟ್ರ್ಯಾಕ್ಟರ್ ಭಾರ ಟ್ರೇಲರ್‌ನ ಬಾಲದ ಮೇಲೆ ಬೀಳುತ್ತಿದ್ದಂತೆ ಬಾಲ ಕೆಳಗಿಳಿಯಿತು, ಪಿಕಪ್‌ಗೆ ಸಿಕ್ಕಿಸಿದ ಹುಕ್ಕಿನ ಕಡೆ ಮೇಲೆದ್ದಿತು. ಹುಕ್ಕು ಎದ್ದರೆ ಪಿಕಪ್‌ನ ಹಿಂಭಾಗವೂ ಏಳುತ್ತದೆ ಅಲ್ವಾ? ಟೈರಿಗೂ ಮಡ್‌ಗಾರ್ಡ್‌ಗೂ ನಡುವಿನ ಸಂದು ಮೊದಲಿಗಿಂತ ನಾಲ್ಕು ಬೆರಳು ಜಾಸ್ತಿಯಾಗಿತ್ತು. ನನ್ನ ಪಿಕಪ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಆ ಚಕ್ರಗಳ ಮೇಲೆ ಭಾರವೇ ಇಲ್ಲದಿದ್ದರೆ ಬ್ರೇಕ್ ಹಿಡಿದೂ ಏನು ಉಪಯೋಗ? ಗಾಡಿ ಜಾರಿಯೇ ಜಾರುತ್ತದೆ. ಆ ಹೊಲದ ದಾರಿ ಸ್ವಲ್ಪ ಇಳಿಜಾರಿತ್ತು, ಮೇಲೆ ಹಸಿ ಬೇರೆ.

ಅವತ್ತಿನಿಂದ ಟ್ರೇಲರ್ ಬಾಲದ ಕೆಳಗೆ ಎರಡೂ ಕಡೆ ದಪ್ಪ ಕಟ್ಟಿಗೆ ದಿಮ್ಮಿ ಕೊಡುತ್ತೇನೆ. ಬಾಲ ಇಳಿಯದಿದ್ದರೆ ಹುಕ್ಕು ಏಳುವುದಿಲ್ಲ. ಪಿಕಪ್‌ಗೂ ಟ್ರೇಲರ್‌ಗೂ ಚಕ್ರಕ್ಕೆ ಅಡ್ಡ ತುಂಡು ಇಡುತ್ತೇನೆ. ರ‍್ಯಾಂಪ್‌ಗೆ ಪಿನ್ ಹಾಕಿಸಿ, ಮೇಲಿಂದ ಸರಪಳಿಯನ್ನೂ ಬಿಗಿಯುತ್ತೇನೆ. ರ‍್ಯಾಂಪನ್ನೂ ಬದಲಿಸಿದೆ. ಟ್ರೇಲರ್ ಎತ್ತರ ಎರಡು ಅಡಿ. ಐದು ಅಡಿ ರ‍್ಯಾಂಪ್ ಇಟ್ಟರೆ ಏರು 24 ಡಿಗ್ರಿ ಹತ್ತಿರ ಆಗುತ್ತದೆ, ಎಂಟು ಅಡಿ ಇಟ್ಟರೆ 15ಕ್ಕಿಂತ ಕಡಿಮೆ. ಹೊತ್ತು ತಿರುಗಲು ಭಾರ ಹೌದು, ಆದರೆ ಕೊಟ್ಟ ದುಡ್ಡಿಗೆ ಒಂದು ದಿನವೂ ಬೇಜಾರಾಗಿಲ್ಲ.

ಇನ್ನೊಂದು, ಈಗ ರಿವರ್ಸ್‌ನಲ್ಲೇ ಹತ್ತಿಸುತ್ತೇನೆ. ಹಿಂದೆ ರೊಟವೇಟರ್ ನೇತಾಡುತ್ತಿದ್ದರೆ ಟ್ರ್ಯಾಕ್ಟರ್ ಮೂತಿ ಮೊದಲೇ ಹಗುರ. ಏರಿನಲ್ಲಿ ಮುಂದಕ್ಕೆ ಹೋಗುತ್ತಾ ಆಕ್ಸಿಲರೇಟರ್ ಕೊಟ್ಟರೆ ಅಥವಾ ಕ್ಲಚ್ ಝಟ್ಟನೆ ಬಿಟ್ಟರೆ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಬಹುದು. ಮಗುಚುವುದಕ್ಕೆ ಒಂದೆರಡು ಸೆಕೆಂಡ್ ಸಾಕು, ಎದ್ದು ಹಾರೋಣ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ರಿವರ್ಸ್‌ನಲ್ಲಿ ಭಾರದ ಕಡೆ ಮೇಲಿರುತ್ತದೆ. ರೊಟವೇಟರ್ ಪೂರ್ತಿ ಎತ್ತಿರಬೇಕು, ಇಲ್ಲದಿದ್ದರೆ ಬ್ಲೇಡು ರ‍್ಯಾಂಪಿಗೆ ತಾಗುತ್ತದೆ. ಇಳಿಸುವಾಗ ಮುಂದಕ್ಕೆ ಇಳಿಸುತ್ತೇನೆ, ಆಗಲೂ ಭಾರ ಮೇಲ್ಗಡೆಯೇ.

ಸೀಟಿಗೆ ಕೂತ ಮೇಲೆ ಮೊದಲು ಎರಡು ಬ್ರೇಕ್ ಪೆಡಲ್‌ಗಳ ನಡುವಿನ ಕೊಂಡಿ ನೋಡುತ್ತೇನೆ. ತೋಟದ ತುದಿಯಲ್ಲಿ ತಿರುಗಿಸಲು ಅದನ್ನು ಬಿಡಿಸಿರುತ್ತೇವೆ. ಒಂದೇ ಪೆಡಲ್ ಒತ್ತಿದರೆ ಒಂದೇ ಚಕ್ರ ಹಿಡಿಯುತ್ತದೆ. ರ‍್ಯಾಂಪಿನ ಮೇಲೆ ಹಾಗಾದರೆ ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗಿ ಇಳಿದುಬಿಡುತ್ತದೆ. ಆಮೇಲೆ ನಾಲ್ಕೂ ಚಕ್ರ ಎಳೆಯುವ ಗೇರ್, ಲೋ ರೇಂಜ್, ಅಂದರೆ ತೀರ ನಿಧಾನದ್ದು. ನಡುವೆ ಗೇರ್ ಬದಲಿಸುವುದಿಲ್ಲ, ಕ್ಲಚ್ ಮುಟ್ಟುವುದಿಲ್ಲ. ಇಂಜಿನ್ ಆಫ್ ಆದರೂ ಮೊದಲು ಕಾಲು ಎರಡೂ ಬ್ರೇಕ್ ಮೇಲೆ.

ದ್ರಾಕ್ಷಿ ತೋಟದವರಿಗೆ ಇದನ್ನು ಒತ್ತಿ ಹೇಳಬೇಕು. ಮೇಲಿನ ತಂತಿಗೆ ತಾಗುತ್ತದೆಂದು ಸೀಟಿನ ಹಿಂದಿನ ಕಬ್ಬಿಣದ ಕಮಾನನ್ನು ಮಡಚಿರುತ್ತೇವೆ. ಹೊರಗೆ ಬಂದ ಮೇಲೆ ಎತ್ತುವುದು ಮರೆತುಹೋಗುತ್ತದೆ. ನಾರಾಯಣಗಾಂವ್‌ನಲ್ಲಿ ನಾನೂ ಮರೆತಿದ್ದೆ. ಪಲ್ಟಿಯಾದರೆ ತಲೆ ಉಳಿಸುವುದು ಅದೊಂದೇ. ಕಮಾನು ಎತ್ತಿ ಪಿನ್ ಹಾಕಿ, ಆಮೇಲೆ ಸೀಟ್ ಬೆಲ್ಟ್. ಮಡಚಿದಾಗ ಮಾತ್ರ ಬೆಲ್ಟ್ ಹಾಕಬಾರದು, ಆಗ ಟ್ರ್ಯಾಕ್ಟರ್ ಜೊತೆಗೇ ಕೆಳಗೆ ಸಿಕ್ಕಿಬೀಳುತ್ತೇವೆ.

ರ‍್ಯಾಂಪಿನ ಅಕ್ಕಪಕ್ಕ ಈಗ ಯಾರನ್ನೂ ನಿಲ್ಲಿಸುವುದಿಲ್ಲ. ಹುಡುಗ ಮುಂದೆ ಪಿಕಪ್ ಆಚೆ, ನನಗೆ ಕಾಣುವ ಹಾಗೆ ನಿಂತು ಕೈ ಸನ್ನೆ ಮಾಡುತ್ತಾನೆ. ಅವನು ಕೈ ಎತ್ತಿದರೆ ನಾನು ನಿಲ್ಲಿಸುತ್ತೇನೆ, ಯಾಕೆ ಅಂತ ಆಮೇಲೆ ಕೇಳುತ್ತೇನೆ.

ಕಟ್ಟುವುದು ನಾಲ್ಕು ಮೂಲೆಗೆ, ಸರಪಳಿಯಿಂದ, ರೊಟವೇಟರ್ ಕೆಳಗಿಳಿಸಿ ಅದಕ್ಕೆ ಬೇರೆ ಬೆಲ್ಟ್. ಸ್ಟೇರಿಂಗ್ ರಾಡಿಗೆ ಎಂದೂ ಕಟ್ಟುವುದಿಲ್ಲ. ಒಟ್ಟು ಭಾರದ ನೂರಕ್ಕೆ 10ರಿಂದ 15ರಷ್ಟು ಹುಕ್ಕಿನ ಮೇಲೆ ಕೂರಬೇಕು. ಬಾಲದ ಕಡೆ ಭಾರ ಜಾಸ್ತಿಯಾದರೆ ಸ್ಪೀಡಿನಲ್ಲಿ ಟ್ರೇಲರ್ ಹಾವಿನ ಹಾಗೆ ಓಲಾಡುತ್ತದೆ. ನಾರಾಯಣಗಾಂವ್‌ನಿಂದ ಹೊರಟರೆ ಮಂಚರ್‌ನಲ್ಲಿ ಚಹಾಕ್ಕೆ ನಿಲ್ಲಿಸುತ್ತೇವೆ. ಅಷ್ಟು ದೂರಕ್ಕೇ ಸರಪಳಿ ಒಂದು ಕೊಂಡಿಯಷ್ಟು ಸಡಿಲ ಆಗಿರುತ್ತದೆ. ಹುಡುಗ ಎಡಗಡೆ, ನಾನು ಬಲಗಡೆ ಬಿಗಿದು, ಅವನು “ಆತ್ರೀ ಕಾಕಾ” ಎಂದ ಮೇಲೆ ಗಾಡಿ ಖೇಡ್ ಘಾಟ್ ಕಡೆ ಹೊರಡುತ್ತದೆ.