ವಾಲಿಬಾಲ್ ಕ್ಲಬ್ಬಿನ ಇತಿಹಾಸ ಬರೆಯುವ ಬಗೆ

ವಾಲಿಬಾಲ್ ಕ್ಲಬ್ಬೊಂದರ ಇತಿಹಾಸ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಹಿರಿಯ ಆಟಗಾರರ ಮನೆಗೆ ಹೋಗುತ್ತಾರೆ. ಅದಕ್ಕೂ ಮುನ್ನ ಕಾಗದಪತ್ರಗಳನ್ನು ಹುಡುಕಿ ಓದಿಕೊಳ್ಳುವುದು ಲೇಸು. ಬರಿಗೈಯಲ್ಲಿ ಹೋಗಿ ‘ಆಗಿನ ಕಾಲದ ಬಗ್ಗೆ ಹೇಳಿ’ ಎಂದರೆ, ಹತ್ತಾರು ಸಲ ಹೇಳಿ ಹೇಳಿ ನುಣುಪಾದ ಕಥೆಯೇ ಮತ್ತೊಮ್ಮೆ ಸಿಗುತ್ತದೆ. ಹಳೆಯ ಸ್ಕೋರ್‌ಶೀಟೊಂದನ್ನು ಮುಂದಿಟ್ಟು, ಮೂರನೆಯ ಸೆಟ್ಟಿನ ನಡುವೆ ಅವರನ್ನು ಹೊರಗೆ ಕೂರಿಸಿದ್ದು ಏಕೆಂದು ಕೇಳಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ.

ನಡಾವಳಿ ಪುಸ್ತಕ, ಲೆಕ್ಕದ ಪುಸ್ತಕ, ವಂತಿಗೆಯ ರಸೀದಿಗಳು, ನೋಂದಣಿ ಪತ್ರ, ಪಂದ್ಯಾವಳಿಯ ಕರಪತ್ರಗಳು ಮತ್ತು ಪತ್ರಿಕೆಯ ತುಣುಕುಗಳು ಬಹಳಷ್ಟು ಸಲ ಕ್ಲಬ್ಬಿನ ಕಪಾಟಿಗಿಂತ ಹೆಚ್ಚಾಗಿ ಹಿಂದಿನ ಕಾರ್ಯದರ್ಶಿ ಅಥವಾ ಖಜಾಂಚಿಯ ಮನೆಯ ಅಟ್ಟದಲ್ಲಿರುತ್ತವೆ. ಇವುಗಳಲ್ಲಿ ಲೆಕ್ಕದ ಪುಸ್ತಕಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ, ಏಕೆಂದರೆ ಸಭೆಯಲ್ಲಿ ನಿರ್ಣಯವಾದ ಎಷ್ಟೋ ಸಂಗತಿಗಳು ಕೈಗೂಡಿರುವುದಿಲ್ಲ, ಆದರೆ ಹಣ ಖರ್ಚಾಗಿದ್ದರೆ ಏನೋ ನಡೆದಿದೆ ಎಂದೇ ಅರ್ಥ. ವರ್ಷವರ್ಷವೂ ಚೆಂಡು ಮತ್ತು ನೆಟ್ಟಿನ ಖರ್ಚಷ್ಟೇ ಕಾಣುವ ಪುಟಗಳ ನಡುವೆ ಒಂದು ವರ್ಷ ದೀಪದ ಕಂಬಗಳ ವೆಚ್ಚ ಬಂದರೆ, ಸಂಜೆಯ ಆಟ ಆಗ ಶುರುವಾಗಿರಬಹುದು. ಹಗಲು ದುಡಿಯುವವರು ತಂಡಕ್ಕೆ ಬಂದದ್ದು ಆಗಲೇ ಇರಬಹುದೇ ಎಂದು ವಿಚಾರಿಸಬಹುದು. ಎರಡನೆಯ ನೆಟ್ಟು ಕೊಂಡ ವರ್ಷದಲ್ಲಿ ಕಿರಿಯರ ಅಥವಾ ಮಹಿಳೆಯರ ತಂಡದ ಹುಟ್ಟನ್ನು ಹುಡುಕಬಹುದು.

ದಿನಾಂಕವಿಲ್ಲದ ಕಾಗದ ಮತ್ತು ಚಿತ್ರಗಳೇ ನಿಜವಾದ ತಲೆನೋವು. ಇಲ್ಲಿ ಆಟದ ನಿಯಮಗಳೇ ನೆರವಿಗೆ ಬರುತ್ತವೆ. ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿದ್ದ, 15 ಅಂಕಗಳಿಗೆ ಸೆಟ್ ಮುಗಿಯುತ್ತಿದ್ದ ಪದ್ಧತಿಯ ಬದಲಿಗೆ, ಪ್ರತಿ ರ‍್ಯಾಲಿಗೂ (ಸರ್ವ್‌ನಿಂದ ಚೆಂಡಿನ ಆಟ ನಿಲ್ಲುವವರೆಗಿನ ಸುತ್ತಿಗೂ) ಅಂಕ ಕೊಟ್ಟು 25ಕ್ಕೆ ಸೆಟ್ ಮುಗಿಸುವ ಪದ್ಧತಿಯನ್ನು ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿದ್ದು 1998ರಲ್ಲಿ. ಹಾಗಾಗಿ ಮೊದಲ ಸೆಟ್ಟಿನ ಅಂಕ 15-11 ಎಂದಿದ್ದರೆ ಆ ಸ್ಕೋರ್‌ಶೀಟ್ ಬಹುಮಟ್ಟಿಗೆ ಹಳೆಯ ಕಾಲದ್ದು, 25-21 ಎಂದಿದ್ದರೆ ನಂತರದ್ದು. ಐದನೆಯ ಸೆಟ್ ಮಾತ್ರ ಇಂದಿಗೂ 15ಕ್ಕೇ ಮುಗಿಯುವುದರಿಂದ ಅದೊಂದನ್ನೇ ನೋಡಿ ಕಾಲ ನಿರ್ಧರಿಸಬಾರದು. ಗುಂಪುಚಿತ್ರವನ್ನೂ ಹೀಗೆಯೇ ಓದಬಹುದು: ಎಲ್ಲರೂ ಒಂದೇ ಬಣ್ಣದ ಅಂಗಿಯಲ್ಲಿದ್ದು ಒಬ್ಬರ ಅಂಗಿ ಮಾತ್ರ ಬೇರೆಯಾಗಿದ್ದರೆ, ಅವರು ಲಿಬೆರೋ, ಅಂದರೆ ರಕ್ಷಣೆಗೆಂದೇ ಇರುವ ಆಟಗಾರ, ಆಗಿರುವ ಸಾಧ್ಯತೆ ಹೆಚ್ಚು, ಆ ಸ್ಥಾನ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದೂ 1998ರ ಸುಮಾರಿಗೇ. ಆದರೆ ಸ್ಥಳೀಯ ಪಂದ್ಯಗಳು ಹಳೆಯ ನಿಯಮವನ್ನು ಅಷ್ಟು ಬೇಗ ಬಿಡುವುದಿಲ್ಲ. ಬಣ್ಣದ ಚೆಂಡು ಬರುವ ಮೊದಲಿನ ಬಿಳಿಯ ಚೆಂಡು ಕಂಡಿತೆಂದು ಚಿತ್ರವನ್ನು ಹಳೆಯದೆನ್ನುವುದೂ ಸರಿಯಲ್ಲ, ಹಳೆಯ ಚೆಂಡು ಹರಿಯುವವರೆಗೆ ಆಡುವುದೇ ಬಹಳಷ್ಟು ಕ್ಲಬ್ಬುಗಳ ರೂಢಿ.

ಸ್ಥಾಪನೆಯ ವರ್ಷದ ಬಗ್ಗೆ ಜಗಳವಾಗದ ಕ್ಲಬ್ಬು ಅಪರೂಪ. ಇದರಲ್ಲಿ ಯಾರದೂ ತಪ್ಪಿರಬೇಕಾಗಿಲ್ಲ. ವಾಲಿಬಾಲ್ ಆಟವನ್ನೇ ನೋಡಿ: ವಿಲಿಯಂ ಮಾರ್ಗನ್ ಅಮೆರಿಕದ ಹೋಲಿಯೋಕ್‌ನಲ್ಲಿ ಅದನ್ನು ರೂಪಿಸಿದ್ದು 1895ರಲ್ಲಿ, ಆಗ ಅದರ ಹೆಸರು ಮಿಂಟೊನೆಟ್, ಈಗಿನ ಹೆಸರು ಬಂದದ್ದು 1896ರಲ್ಲಿ, ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1947ರಲ್ಲಿ. ಕ್ಲಬ್ಬಿಗೂ ಆಟ ಶುರುವಾದ ವರ್ಷ, ಹೆಸರು ಇಟ್ಟ ವರ್ಷ, ನೋಂದಣಿಯಾದ ವರ್ಷ ಎಂದು ಮೂರು ಬೇರೆ ಬೇರೆ ವರ್ಷಗಳಿರಬಹುದು. ಮೂರನ್ನೂ ಬರೆದು, ಯಾವುದಕ್ಕೆ ಯಾವ ಆಧಾರವಿದೆ ಎಂದು ತಿಳಿಸಿದರೆ ಸಾಕು.

ಇಷ್ಟು ಸಿದ್ಧತೆಯ ನಂತರ ಹಿರಿಯರ ಬಳಿಗೆ ಹೋಗಬೇಕು. ಒಂದು ಹಾಳೆಯ ಮೇಲೆ ಆಟದ ಅಂಕಣದ ಚಿತ್ರ ಬರೆದು, ಆರು ಸ್ಥಾನಗಳಿಗೆ ಅಂಕಿ ಹಾಕಿ, ಯಾರು ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿ. ಹೆಸರು ನೆನಪಾಗದವರಿಗೂ, ನಾಲ್ಕನೆಯ ಸ್ಥಾನದಿಂದ ಸ್ಮ್ಯಾಶ್ ಹೊಡೆಯುತ್ತಿದ್ದ ಎಡಗೈಯವನು ಥಟ್ಟನೆ ಕಣ್ಣಮುಂದೆ ಬರುತ್ತಾನೆ. ಒಪ್ಪಿಗೆ ಪಡೆದು ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ತಂಡ ಒಡೆದ ಪ್ರಸಂಗವಿದ್ದರೆ ಎರಡೂ ಕಡೆಯವರನ್ನು ಪ್ರತ್ಯೇಕವಾಗಿ ಕೇಳಬೇಕು. ಒಟ್ಟಿಗೆ ಕೂರಿಸಿದರೆ ಇಬ್ಬರೂ ಸೌಜನ್ಯಕ್ಕೆ ಸುಮ್ಮನಾಗುತ್ತಾರೆ. ನೆಟ್ ಕಟ್ಟುತ್ತಿದ್ದವರು, ಗೆರೆ ಎಳೆಯುತ್ತಿದ್ದವರು, ಬೆಂಚಿನಲ್ಲಿ ಕುಳಿತೇ ವರ್ಷ ಕಳೆದವರು ಕೂಡ ಮರೆತುಹೋಗಬಾರದು.

ಬರೆಯುವಾಗ ಟ್ರೋಫಿಗಳ ಸಾಲನ್ನೇ ಅಧ್ಯಾಯಗಳಾಗಿ ಮಾಡಿದರೆ, ಗೆಲ್ಲದ ವರ್ಷಗಳೆಲ್ಲ ಖಾಲಿ ಉಳಿಯುತ್ತವೆ. ಕ್ಲಬ್ಬು ಆಡಿದ ಅಂಕಣಗಳನ್ನು ಆಧಾರವಾಗಿಟ್ಟುಕೊಂಡರೆ ಕಥೆಗೆ ಸಹಜವಾದ ಹರಿವು ಸಿಗುತ್ತದೆ, ಏಕೆಂದರೆ ಜಾಗ ಬದಲಾದಾಗ ಆಡುವವರೂ ನೋಡುವವರೂ ಬದಲಾಗುತ್ತಾರೆ. ಕರಡು ಮುಗಿದ ಮೇಲೆ ಪರಸ್ಪರ ಒಪ್ಪದ ಇಬ್ಬರಿಗೆ ಅದನ್ನು ಓದಲು ಕೊಡಿ. ಎರವಲು ತಂದ ಚಿತ್ರಗಳನ್ನು ಸ್ಕ್ಯಾನ್ ಮಾಡಿ, ಹಿಂಬದಿಯಲ್ಲಿ ಮೃದುವಾದ ಪೆನ್ಸಿಲ್ಲಿನಿಂದ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದು, ಮಾಲೀಕರಿಗೆ ಖುದ್ದಾಗಿ ಹಿಂದಿರುಗಿಸಿ.