ಕತ್ತರಿ ಹಿಡಿಯುವ ಮೊದಲು ‘ಒಂದಿಂಚು’ ಎಷ್ಟೆಂದು ಕೇಳಿ

“ಜಾಸ್ತಿ ಬೇಡ, ತುದಿ ಮಾತ್ರ. ಒಂದಿಂಚು ಸಾಕು.” ಪಾರ್ಲರ್ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಹೇಳುವ ಮಾತು ಇದು. ಜಗಳ ಶುರುವಾಗುವುದೂ ಇಲ್ಲಿಂದಲೇ. ಹೇಳಿದವರ ಒಂದಿಂಚು ಬೆರಳಿನ ಒಂದು ಗೆಣ್ಣಿನಷ್ಟು. ಹೊಸದಾಗಿ ಕಲಿತವರ ಒಂದಿಂಚು ಕತ್ತರಿ ನಿಂತಲ್ಲಿಗೆ! ನಾನು ಕಲಿಯುವಾಗ ಕಾಲೇಜು ಹುಡುಗಿಯೊಬ್ಬಳ ಕೂದಲಿಗೆ ಕೈ ಹಾಕಿ, ಎಡ ಬಲ ಸಮ ಮಾಡುತ್ತಾ ಮಾಡುತ್ತಾ ನಾಲ್ಕು ಇಂಚು ಮೇಲೆ ಹೋಗಿದ್ದೆ. ಅವಳು ಸುಮ್ನೆ ಎದ್ದು ಹೋದಳು. ಸಂಜೆ ಅವಳಮ್ಮ ಬಂದರು. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚೂಕಡಿಮೆ 1 ಸೆಂ.ಮೀ. ಆ ನಾಲ್ಕು ಇಂಚು ವಾಪಸ್ ಬರಲು ಸುಮಾರು ಹತ್ತು ತಿಂಗಳು ಬೇಕು.

ಬ್ಯೂಟಿಷಿಯನ್ ಕೋರ್ಸಿಗೆ ಸೇರಿದವರು, ಐಟಿಐಯಲ್ಲಿ ಕಾಸ್ಮೆಟಾಲಜಿ ಓದುತ್ತಿರುವವರು ಮೊದಲು ಕಲಿಯಬೇಕಾದದ್ದು ಸ್ಟ್ರೈಟ್ ಕಟ್. ಎಲ್ಲ ಕೂದಲೂ ಒಂದೇ ಗೆರೆಗೆ ಬಂದು ನಿಲ್ಲುವ ಕಟ್ ಇದು. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವ ಲೇಯರ್ ಕಟ್‌ನಲ್ಲಿ ಒಂದು ಎಳೆ ಹೆಚ್ಚುಕಡಿಮೆ ಆದರೂ ಮುಚ್ಚಿಹೋಗುತ್ತದೆ. ಸ್ಟ್ರೈಟ್ ಕಟ್‌ನಲ್ಲಿ ತಪ್ಪು ಬಚ್ಚಿಡಲು ಜಾಗವೇ ಇಲ್ಲ. ಅದಕ್ಕೇ ಇದು ಒಳ್ಳೆಯ ಮೇಷ್ಟ್ರು.

ಮೊದಲು ಮಾತು

ಕೂದಲು ಒದ್ದೆ ಮಾಡುವ ಮೊದಲೇ ಮಾತಾಡಿ. ಜಡೆ ಬಿಚ್ಚಿಸಿ, ಒಣಗಿದ ಕೂದಲು ತಾನಾಗಿ ಹೇಗೆ ಬೀಳುತ್ತದೆ ನೋಡಿ. ದಿನಾ ಜಡೆ ಹಾಕುತ್ತಾರಾ, ಕ್ಲಿಪ್ ಹಾಕುತ್ತಾರಾ, ಬಿಟ್ಟುಕೊಳ್ಳುತ್ತಾರಾ ಎಂದು ಕೇಳಿ. ಅಳತೆಯನ್ನು ಬಾಯಲ್ಲಿ ಒಪ್ಪಿಕೊಳ್ಳಬೇಡಿ. ಬಾಚಣಿಗೆಯನ್ನು ಅವರ ಭುಜದ ಹತ್ತಿರ ಅಡ್ಡ ಹಿಡಿದು, “ಇಲ್ಲಿಗೆ ಬರುತ್ತದೆ, ಆಗಬಹುದಾ?” ಎಂದು ಕನ್ನಡಿಯಲ್ಲಿ ತೋರಿಸಿ. ಕನ್ನಡಕದವರಾದರೆ ಅದನ್ನು ತೆಗೆಸುವ ಮೊದಲೇ ತೋರಿಸಿ. ಆಮೇಲೆ ಅವರಿಗೆ ಏನೂ ಕಾಣುವುದಿಲ್ಲ, ಸುಮ್ನೆ ತಲೆಯಾಡಿಸುತ್ತಾರೆ.

ಇನ್ನೊಂದು ಮಾತು. ವಯಸ್ಸು ಅಂದಾಜು ಮಾಡಿ “ಆಂಟಿ” ಎನ್ನಬೇಡಿ. ಮೇಡಂ ಎನ್ನಿ, ಪರಿಚಯವಾದರೆ ಅಕ್ಕ ಎನ್ನಿ. ಆಂಟಿ ಎನಿಸಿಕೊಂಡವರು ಇನ್ನೊಮ್ಮೆ ಬರುವುದು ಅನುಮಾನ.

ಮಾತಾಡುತ್ತಲೇ ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ ನೋಡಿಕೊಳ್ಳಿ. ಹೇನು, ಹುಳುಕಡ್ಡಿ, ಗಾಯ ಕಂಡರೆ ಕಟಿಂಗ್ ಮುಂದಕ್ಕೆ ಹಾಕಿ. ಪಕ್ಕದವರಿಗೆ ಕೇಳದಂತೆ, ಮೆಲ್ಲಗೆ ಹೇಳಿ.

ಕೂರಿಸುವುದು, ತೊಳೆಯುವುದು

ಜುಮಕಿ ತೆಗೆಸಿ ಅವರ ಕೈಗೇ ಕೊಡಿ, ನಿಮ್ಮ ಟೇಬಲ್ ಮೇಲೆ ಇಡಬೇಡಿ. ಕುತ್ತಿಗೆಗೆ ಟವೆಲ್, ಅದರ ಮೇಲೆ ಕಟಿಂಗ್ ಶೀಟ್. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರೆ ತಲೆ ತೊಳೆಯಲೇಬೇಕು. ಎಣ್ಣೆಕೂದಲು ಬಾಚಣಿಗೆಗೆ ಅಂಟಿಕೊಂಡು ಗೊಂಚಲಾಗುತ್ತದೆ, ಗೆರೆ ಸಿಗುವುದಿಲ್ಲ. ಸಿಕ್ಕು ಬಿಡಿಸುವಾಗ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ.

ಕಾಲ ಮೇಲೆ ಕಾಲು ಹಾಕಿಕೊಂಡಿದ್ದರೆ ಇಳಿಸಲು ಹೇಳಿ. ಇದೇನು ಶಿಸ್ತಿನ ಪಾಠ ಅಲ್ಲ. ಕಾಲು ಹಾಕಿಕೊಂಡರೆ ಸೊಂಟ ವಾಲುತ್ತದೆ, ಜೊತೆಗೆ ಭುಜವೂ ವಾಲುತ್ತದೆ. ನೀವು ನೇರವಾಗಿ ಕತ್ತರಿಸಿದ ಗೆರೆ, ಅವರು ಎದ್ದು ನಿಂತಾಗ ಓರೆಯಾಗಿರುತ್ತದೆ.

ಗೆರೆ ಹಾಕುವುದು

ಕತ್ತರಿಯ ಒಂದು ಹಿಡಿಗೆ ಉಂಗುರ ಬೆರಳು, ಇನ್ನೊಂದಕ್ಕೆ ಹೆಬ್ಬೆರಳ ತುದಿ ಮಾತ್ರ. ಹೆಬ್ಬೆರಳೊಂದೇ ಆಡಬೇಕು, ಇನ್ನೊಂದು ಅಲಗು ಅಲುಗಬಾರದು. ಟಿವಿ ನೋಡುತ್ತಾ ಬರೀ ಗಾಳಿಯಲ್ಲಿ ಅಭ್ಯಾಸ ಮಾಡಿ, ಒಂದು ವಾರದಲ್ಲಿ ಕೈ ಕೂರುತ್ತದೆ. ಬಾಚುವಾಗ ಕತ್ತರಿ ಮುಚ್ಚಿ ಅಂಗೈಯೊಳಗೆ ಇರಲಿ.

ಹಣೆಯಿಂದ ಕುತ್ತಿಗೆಯವರೆಗೆ ನಡು ಬೈತಲೆ ತೆಗೆಯಿರಿ. ನೆತ್ತಿಯ ಮೇಲಿಂದ ಕಿವಿಯಿಂದ ಕಿವಿಗೆ ಇನ್ನೊಂದು. ನಾಲ್ಕು ಭಾಗ ಆಯಿತು. ಸುತ್ತಿ ಕ್ಲಿಪ್ ಹಾಕಿ.

ಈಗ ಹಿಂದೆ, ಕುತ್ತಿಗೆಯ ಹತ್ತಿರ, ಒಂದು ಸೆಂ.ಮೀ. ದಪ್ಪದ ತೆಳು ಪದರ ಇಳಿಸಿ. “ತಲೆ ಸ್ವಲ್ಪ ಬಗ್ಗಿಸ್ತೀನಿ ಮೇಡಂ” ಎಂದು ಹೇಳಿಯೇ ಕೈ ಇಡಿ. ಕೂದಲನ್ನು ಮೇಲೆತ್ತದೆ, ಮೈಗೆ ತಾಗಿದಂತೆ ನೇರ ಕೆಳಗೆ ಬಾಚಿ. ನಡುವೆ ಮೊದಲು ಕತ್ತರಿಸಿ, ಆಮೇಲೆ ಎರಡು ಪಕ್ಕಕ್ಕೆ ಹೋಗಿ. ಇದೇ ನಿಮ್ಮ ಗೈಡ್‌ಲೈನ್, ಉಳಿದ ಪದರಗಳನ್ನೆಲ್ಲ ಈ ಗೆರೆಗೇ ಸಮ ಮಾಡಬೇಕು. ಒಪ್ಪಿದ ಅಳತೆಗಿಂತ ಒಂದು ಬೆರಳು ಉದ್ದವೇ ಬಿಡಿ. ಒದ್ದೆ ಕೂದಲು ಎಳೆದರೆ ಉದ್ದವಾಗುತ್ತದೆ, ಒಣಗಿದಾಗ ಮೇಲೆ ಸರಿಯುತ್ತದೆ. ಗುಂಗುರು ಕೂದಲಾದರೆ ಇನ್ನೂ ಜಾಸ್ತಿ.

ಮುಂದಿನ ಪದರ ಇಳಿಸಿದಾಗ ಅದರ ಅಡಿಯಲ್ಲಿ ಮೊದಲ ಗೆರೆ ಕಾಣಬೇಕು. ಕಾಣುತ್ತಿಲ್ಲವೆಂದರೆ ಪದರ ದಪ್ಪವಾಗಿದೆ, ಅರ್ಧ ವಾಪಸ್ ಕ್ಲಿಪ್ ಮಾಡಿ. ಅಂದಾಜಿನಲ್ಲಿ ಕತ್ತರಿ ಆಡಿಸಬೇಡಿ. ಕೂದಲನ್ನು ಹೊರಕ್ಕೆ ಎತ್ತಿದರೆ ತುದಿಯಲ್ಲಿ ಮೆಟ್ಟಿಲು ಬೀಳುತ್ತದೆ. ಲೇಯರ್ ಮಾಡುವುದು ಹಾಗೆಯೇ, ಆದರೆ ಅದು ಬೇರೆ ದಿನದ ಪಾಠ.

ಎಲ್ಲರೂ ಎಡವುವುದು ಕಿವಿಯ ಹತ್ತಿರ. ಅಲ್ಲಿ ಕೂದಲು ಕಿವಿಯ ಉಬ್ಬಿನ ಮೇಲೆ ಕೂತಿರುತ್ತದೆ. ಬೆರಳಲ್ಲಿ ಎಳೆದು ಹಿಡಿದು ಕತ್ತರಿಸಿದರೆ, ಬಿಟ್ಟ ಕೂಡಲೇ ಅಷ್ಟು ಭಾಗ ಮೇಲೆ ಹಾರಿ ಹಳ್ಳವಾಗುತ್ತದೆ. ಇಲ್ಲಿ ಎಳೆಯಲೇಬೇಡಿ. ಅಗಲ ಹಲ್ಲಿನ ಬಾಚಣಿಗೆಯಿಂದ ಸಡಿಲವಾಗಿ ಬಾಚಿ, ಬಾಚಣಿಗೆಯ ಕೆಳಗೇ ಕತ್ತರಿಸಿ.

ಕೊನೆಗೆ ಎರಡು ಕಡೆಯಿಂದ ಒಂದೊಂದು ಎಳೆ ಗಲ್ಲದ ಮುಂದೆ ತಂದು ಸಮವಿದೆಯಾ ನೋಡಿ. ಒಣಗಿಸಿದ ಮೇಲೆ ಇನ್ನೊಮ್ಮೆ ನೋಡಿ. ವ್ಯತ್ಯಾಸ ಇದ್ದರೆ ಉದ್ದವಿರುವ ಕಡೆ ಮಾತ್ರ, ಅದೂ ಸ್ವಲ್ಪ ಸ್ವಲ್ಪ. ಆ ಕಡೆ ಈ ಕಡೆ ಆಟ ಆಡಿಯೇ ನಾನು ನಾಲ್ಕು ಇಂಚು ಕಳೆದದ್ದು.

ಎದ್ದು ಹೋಗುವ ಮುನ್ನ

ಕುತ್ತಿಗೆ ಮೇಲಿನ ಚೂರು ಕೂದಲು ಬ್ರಷ್‌ನಿಂದ ತೆಗೆಯಿರಿ, ಇಲ್ಲವೆಂದರೆ ಬೆವರಿನಲ್ಲಿ ಮನೆವರೆಗೂ ಚುಚ್ಚುತ್ತದೆ. ಹಿಂದೆ ಕೈಗನ್ನಡಿ ಹಿಡಿದು ತೋರಿಸಿ. ಕುತ್ತಿಗೆಗೆ ಬ್ಲೇಡ್ ಬಳಸುವುದಾದರೆ ಅವರೆದುರೇ ಹೊಸದು ಬಿಚ್ಚಿ. ಒಬ್ಬರಿಗೆ ಬಳಸಿದ ಬ್ಲೇಡ್‌ನಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ತರಹದ ರೋಗ ದಾಟಬಹುದು. ಬಾಚಣಿಗೆಗಳನ್ನು ಮೊದಲು ಸೋಪು ನೀರಲ್ಲಿ ಉಜ್ಜಿ, ಆಮೇಲೆ ಸೋಂಕು ಕೊಲ್ಲುವ ದ್ರಾವಣದಲ್ಲಿ ಮುಳುಗಿಸಿ. ಕೂದಲು ಸಿಕ್ಕಿಕೊಂಡ ಬಾಚಣಿಗೆಯನ್ನು ಹಾಗೇ ಮುಳುಗಿಸಿದರೆ ಉಪಯೋಗವಿಲ್ಲ.

ಮುಂದಿನವರು ಕೂರುವ ಮೊದಲು ನೆಲ ಗುಡಿಸಿ. ಒದ್ದೆ ಕೂದಲು ಟೈಲ್ಸ್ ಮೇಲೆ ಜಾರುತ್ತದೆ. ಗುಡಿಸುವಾಗ ಕೆಳಗೆ ಬಿದ್ದ ಒಂದು ಎಳೆ ಎತ್ತಿ ಸ್ಕೇಲ್‌ನಲ್ಲಿ ಅಳೆಯಿರಿ. ನನ್ನ ವಿದ್ಯಾರ್ಥಿಗಳಿಂದ ಇದನ್ನು ದಿನಾ ಮಾಡಿಸುತ್ತೇನೆ. ಒಂದಿಂಚು ಎಂದುಕೊಂಡು ಕತ್ತರಿಸಿದ್ದು ಮೊದಲ ತಿಂಗಳು ಯಾರದೂ ಒಂದಿಂಚು ಇರುವುದಿಲ್ಲ.